ರೆಂಡರ್ ಮುಗಿದ ಮೇಲೆ ಲೈಸೆನ್ಸ್ ಓದಿದೆ

2022ರಲ್ಲಿ ಒಂದು ಕೆಲಸ ಬಂತು. ಓಆರ್‌ಎಸ್ ಹೇಗೆ ಕಲಸಬೇಕು, ಮಗುವಿಗೆ ಹೇಗೆ ಕುಡಿಸಬೇಕು ಅಂತ ತಾಯಂದಿರಿಗೆ ತೋರಿಸುವ ಆರು ನಿಮಿಷದ ವಿಡಿಯೋ. ಹೇಳಿಕೊಡುವುದು ಒಬ್ಬ ಆಶಾ ಕಾರ್ಯಕರ್ತೆ, ಡಿಜಿಟಲ್ ಪಾತ್ರ. ಡಿಜಿಟಲ್ ಮನುಷ್ಯರನ್ನು ಮಾಡಿಕೊಡುವ, ಎಪಿಕ್ ಗೇಮ್ಸ್‌ನವರ ಮೆಟಾಹ್ಯೂಮನ್ ಕ್ರಿಯೇಟರ್ ಆಗ ಬ್ರೌಸರ್‌ನಲ್ಲೇ ಓಡುತ್ತಿತ್ತು, ದುಡ್ಡೂ ಕೊಡಬೇಕಿರಲಿಲ್ಲ. ಎರಡು ಸಂಜೆ ಕೂತೆ. ನಲವತ್ತರ ಆಸುಪಾಸಿನ ಮುಖ, ಕಣ್ಣಿನ ಕೆಳಗೆ ಸ್ವಲ್ಪ ಕಪ್ಪು, ನಕ್ಕರೆ ಕೆನ್ನೆಯಲ್ಲಿ ಗೆರೆ. ನಮ್ಮ ಬೀದಿಗೆ ಬರುವ ಅಕ್ಕನ ಹಾಗೇ ಇತ್ತು.

ಆದರೆ ಅಲ್ಲಿ ಸೀರೆ ಸಿಗಲಿಲ್ಲ. ಪಾತ್ರವನ್ನು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ಗೆ ತಂದು ಗುಲಾಬಿ ಸೀರೆ ಉಡಿಸಿದೆ. ನೆರಿಗೆ ಸರಿಯಾಗಿ ಕೂರಿಸಲು ನಾಲ್ಕು ದಿನ, ಕೂತಾಗ ಸೆರಗು ಮೊಣಕಾಲಿನೊಳಗೆ ತೂರದ ಹಾಗೆ ಮಾಡಲು ಇನ್ನೂ ಎರಡು ದಿನ. ಕೂದಲು ಜೊತೆಗೆ ಬಂದಿರಲಿಲ್ಲ, ಅದನ್ನೂ ನಾನೇ ಹೆಣೆದೆ. ಎಲ್ಲ ಬ್ಲೆಂಡರ್‌ನಲ್ಲೇ ಇದೆಯಲ್ಲ ಅಂತ ಅದರದೇ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ರೆಂಡರ್‌ಗೆ, ಅಂದರೆ ದೃಶ್ಯವನ್ನು ಕೊನೆಯ ಚಿತ್ರಗಳಾಗಿ ಹೊರತೆಗೆಯಲು, ಹಾಕಿದೆ. ಹನ್ನೊಂದು ರಾತ್ರಿ ಮೆಶಿನ್ ಓಡಿತು.

ವಿಡಿಯೋ ಕೊಡುವ ಹಿಂದಿನ ದಿನ ಕೆಲಸ ಕೊಟ್ಟವರ ಕಡೆಯಿಂದ ಫೋನ್. "ಸರ್, ಈ ಪಾತ್ರದ ಲೈಸೆನ್ಸ್ ಒಂದು ಕಳಿಸಿಬಿಡಿ, ಫೈಲಿಗೆ ಬೇಕು." ಕಳಿಸೋಣ ಅಂತ ತೆರೆದೆ. ಆಗಲೇ ಮೊದಲ ಸಲ ಪೂರ್ತಿ ಓದಿದ್ದು.

ಆಗಿನ ನಿಯಮ ಹೀಗಿತ್ತು. ಮೆಟಾಹ್ಯೂಮನ್ ಪಾತ್ರವನ್ನು ಮಾಯಾದಂಥ ಬೇರೆ 3ಡಿ ಸಾಫ್ಟ್‌ವೇರ್‌ನಲ್ಲೋ ಬ್ಲೆಂಡರ್‌ನಲ್ಲೋ ತೆರೆಯಬಹುದು, ತಿದ್ದಬಹುದು, ಅನಿಮೇಶನ್ ಕೂಡ ಮಾಡಬಹುದು. ಕೊನೆಯ ರೆಂಡರ್ ಮಾತ್ರ ಎಪಿಕ್‌ನವರದೇ ಗೇಮ್ ಎಂಜಿನ್ ಆದ ಅನ್‌ರಿಯಲ್ ಎಂಜಿನ್‌ನಲ್ಲೇ ಆಗಬೇಕು. ಯೂನಿಟಿ ಅನ್ನುವ ಇನ್ನೊಂದು ಎಂಜಿನ್‌ನಲ್ಲಿ ಗೇಮ್ ಮಾಡುವವರಿಗೂ ಅದೇ ತಡೆ. ಫೈಲ್ ತೆರೆದುಕೊಂಡಿತು ಅಂದರೆ ಬಳಸಲು ಒಪ್ಪಿಗೆ ಇದೆ ಅಂತ ನಾನು ಅಂದುಕೊಂಡಿದ್ದೆ. ಎರಡೂ ಬೇರೆ ಬೇರೆ.

ಯಾರಿಗೆ ಗೊತ್ತಾಗುತ್ತೆ, ಸುಮ್ನೆ ಕೊಟ್ಟುಬಿಡು ಅಂದ ಗೆಳೆಯರೂ ಇದ್ದರು. ನನಗೆ ಮನಸ್ಸು ಬರಲಿಲ್ಲ. ನಾಳೆ ಪ್ರಶ್ನೆ ಬಂದರೆ ವಿಡಿಯೋ ತೆಗೆಯಬೇಕಾಗುವುದು ಅವರಿಗೆ, ನನಗಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಇನ್ನೂ ಎರಡು ವಾರದ ಸಮಯ ಕೇಳಿಕೊಂಡೆ.

ಸೀರೆ ನನ್ನದೇ, ಅದಕ್ಕೆ ತೊಂದರೆ ಇಲ್ಲ. ಅದರ ಚಲನೆಯನ್ನೆಲ್ಲ ಅಲೆಂಬಿಕ್ ಫೈಲ್ (ಚಲನೆಯನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯುವ ಫೈಲ್) ಮಾಡಿ ಅನ್‌ರಿಯಲ್‌ಗೆ ಒಯ್ದೆ. ನಾನು ಹೆಣೆದ ಕೂದಲು ಬಿಟ್ಟು ಮೆಟಾಹ್ಯೂಮನ್‌ನ ಕೂದಲನ್ನೇ ಹಾಕಿದೆ. ಮೊದಲ ಟೆಸ್ಟ್‌ನಲ್ಲಿ ಕ್ಯಾಮೆರಾ ಹಿಂದೆ ಸರಿದಂತೆ ಅಕ್ಕನ ತಲೆ ಬೋಳಾಯಿತು! ದೂರ ಹೋದಾಗ ಎಂಜಿನ್ ಕಡಿಮೆ ವಿವರದ ಮಾದರಿಗೆ ಇಳಿಯುತ್ತೆ, ಕೆಲವು ಕೇಶವಿನ್ಯಾಸಗಳಿಗೆ ಆ ಮಟ್ಟದಲ್ಲಿ ಕೂದಲೇ ಇರಲಿಲ್ಲ. ವಿವರದ ಮಟ್ಟಕ್ಕೆ ಎಲ್‌ಒಡಿ ಅಂತಾರೆ; ಎಲ್‌ಒಡಿ ಸಿಂಕ್‌ನಲ್ಲಿ ಫೋರ್ಸ್ಡ್ ಎಲ್‌ಒಡಿ 0, ಅಂದರೆ ಯಾವಾಗಲೂ ಪೂರ್ತಿ ವಿವರ, ಅಂತ ಕೊಟ್ಟ ಮೇಲೆ ಸರಿಹೋಯಿತು. ಹೊಸ ರೆಂಡರ್ ಒಂದೇ ರಾತ್ರಿಯಲ್ಲಿ ಮುಗಿಯಿತು. ಚರ್ಮದ ಮೇಲಿನ ಬೆಳಕು ಮಾತ್ರ ಸೈಕಲ್ಸ್‌ನದೇ ಚೆನ್ನಾಗಿತ್ತು, ಈಗಲೂ ಹಾಗೇ ಅನಿಸುತ್ತೆ.

ಅಲ್ಲಿಂದ ಮುಂದೆ, ಬ್ಲೆಂಡರ್‌ನಲ್ಲೇ ಮುಗಿಯಬೇಕಾದ ಕೆಲಸಕ್ಕೆ ಮನುಷ್ಯರ ಪಾತ್ರ ಮಾಡುವ ಇನ್ನೊಂದು ಸಾಫ್ಟ್‌ವೇರ್, ಮೇಕ್‌ಹ್ಯೂಮನ್ ಹಿಡಿದೆ. ಅದರಿಂದ ಹೊರತೆಗೆದ ಪಾತ್ರ ಸಿಸಿ0, ಅಂದರೆ ಹಕ್ಕುಗಳನ್ನು ಬಿಟ್ಟುಕೊಟ್ಟ ಲೈಸೆನ್ಸ್, ಎಲ್ಲಿ ಬೇಕಾದರೂ ಬಳಸಬಹುದು. ಮುಖದಲ್ಲಿ ಅಷ್ಟು ಜೀವ ಇರಲ್ಲ, ಕೈಯಿಂದ ಜಾಸ್ತಿ ತಿದ್ದಬೇಕು.

2025ರ ಜೂನ್‌ನಲ್ಲಿ ಅನ್‌ರಿಯಲ್ 5.6 ಜೊತೆ ಮೆಟಾಹ್ಯೂಮನ್ ನಿಯಮ ಬದಲಾಯಿತು. ಈಗ ಯೂನಿಟಿ, ಗೊಡೊ, ಬ್ಲೆಂಡರ್, ಎಲ್ಲಿ ಬೇಕಾದರೂ ಒಯ್ಯಬಹುದು, ಪಾತ್ರವನ್ನು ಮಾರಲೂಬಹುದು. ವರ್ಷದ ಆದಾಯ 10 ಲಕ್ಷ ಡಾಲರ್ ಒಳಗಿದ್ದರೆ ಉಚಿತ. ನಾನು ಅಕ್ಕನ ಮುಖವನ್ನು 5.6ರಲ್ಲಿ ಹೊಸದಾಗಿ ಮಾಡಿಕೊಂಡೆ. ಈ ಸಲ ನೆಮ್ಮದಿಯಿಂದ ಸೈಕಲ್ಸ್‌ನಲ್ಲಿ ರೆಂಡರ್ ಮಾಡಿದೆ.

ಒಂದು ಬೇಲಿ ಇನ್ನೂ ಇದೆ: ಮೆಟಾಹ್ಯೂಮನ್ ಬಳಸಿ ಎಐ ಮಾಡೆಲ್‌ಗೆ ತರಬೇತಿ ಕೊಡುವ ಹಾಗಿಲ್ಲ. ಮೊನ್ನೆ ಒಬ್ಬರು ಇದೇ ಮುಖದ ಐದು ಸಾವಿರ ಚಿತ್ರ ಕೇಳಿದರು, ಮಾಡೆಲ್‌ಗೆ ಕಲಿಸೋಕೆ ಅಂತ. ಈ ಮುಖ ಆಗಲ್ಲ, ಮೇಕ್‌ಹ್ಯೂಮನ್‌ನಲ್ಲಿ ಬೇರೆ ಮಾಡಿಕೊಡುತ್ತೇನೆ ಅಂದೆ. ಒಪ್ಪಿದರು. ಸದ್ಯ ಅದರ ಹುಬ್ಬು ತಿದ್ದುತ್ತಿದ್ದೇನೆ.