ಎಲ್ಡನ್ ರಿಂಗ್: ಅಡಗಿರುವ ಜಾಗಗಳನ್ನು ವಿಡಿಯೋ ನೋಡದೆ ಹುಡುಕುವುದು ಹೇಗೆ

ಮೊದಲ ಸಲ ಎಲ್ಡನ್ ರಿಂಗ್ ಅನ್ನುವ ವಿಡಿಯೋ ಗೇಮ್ ಆಡಿದಾಗ ಸುಮಾರು 20 ಗಂಟೆ ನನ್ನ ಹತ್ತಿರ ವೆಟ್‌ಸ್ಟೋನ್ ನೈಫ್ ಇರಲಿಲ್ಲ. ಅದೊಂದು ಚಿಕ್ಕ ಚಾಕು. ಅದಿಲ್ಲದಿದ್ದರೆ ಸಿಕ್ಕ ಆಶ್ ಆಫ್ ವಾರ್ (ಆಯುಧಕ್ಕೆ ವಿಶೇಷ ಪಟ್ಟು ಕೊಡುವ ವಸ್ತು) ಯಾವುದನ್ನೂ ಕತ್ತಿಗೆ ಹಾಕೋಕೆ ಆಗಲ್ಲ. ಬ್ಯಾಗಿನಲ್ಲಿ ಆರೇಳು ಆಶ್ ಇಟ್ಟುಕೊಂಡು, ಇದನ್ನು ಬಳಸೋದು ಹೇಗಪ್ಪಾ ಅಂತ ತಲೆ ಕೆರೆದುಕೊಳ್ಳುತ್ತಾ ಓಡಾಡಿದ್ದೆ. ಚಾಕು ಇದ್ದದ್ದು ಗೇಟ್‌ಫ್ರಂಟ್ ರೂಯಿನ್ಸ್‌ನಲ್ಲಿ, ಅಂದರೆ ಆಟ ಶುರುವಾಗಿ ಅರ್ಧ ಗಂಟೆಗೆಲ್ಲಾ ಸಿಗುವ ಆ ಸೈನಿಕರ ಕ್ಯಾಂಪಿನಲ್ಲಿ. ಆಟ ಶುರುವಾಗುವ ಪ್ರದೇಶವಾದ ಲಿಮ್‌ಗ್ರೇವ್‌ನ ಮೊದಲ ಮ್ಯಾಪ್ ಸಿಗುವ ಕಲ್ಲೂ ಅಲ್ಲೇ ರಸ್ತೆ ಪಕ್ಕ ಇದೆ. ನಾನು ಮ್ಯಾಪ್ ಎತ್ತಿಕೊಂಡೆ, ಸೈನಿಕರಿಗೆ ಹೆದರಿ ಓಡಿದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿದ್ದರೆ ಪಾಳು ಗೋಡೆಗಳ ನಡುವೆ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಕಾಣಿಸುತ್ತಿತ್ತು, ಕೆಳಗೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಚಾಕು.

ಆಮೇಲೆ ಎರಡನೇ ಸಲ, ಮೂರನೇ ಸಲ ಆಡುವಾಗ ಒಂದು ವಿಷಯ ಗೊತ್ತಾಯಿತು. ಈ ಆಟ ಏನನ್ನೂ ಸುಮ್ನೆ ಬಚ್ಚಿಡಲ್ಲ. ಪ್ರತಿಯೊಂದಕ್ಕೂ ಎಲ್ಲೋ ಒಂದು ಸುಳಿವು ಬಿಟ್ಟಿರುತ್ತದೆ. ಕಣ್ಣಿಗೆ ಕಾಣುವ ಹಾಗೇ ಬಿಟ್ಟಿರುತ್ತದೆ, ಆದರೆ ನಾವು ಮುಂದಿನ ಬಾಸ್, ಅಂದರೆ ದೊಡ್ಡ ಶತ್ರು ಕಡೆ ಓಡುತ್ತಿರುತ್ತೇವೆ ಅಷ್ಟೇ. ಹಾಗಾಗಿ ಎಲ್ಲಾ ಗೋಡೆಗೂ ಕತ್ತಿ ಬೀಸುತ್ತಾ ಹೋಗುವ ಅಗತ್ಯ ಇಲ್ಲ. ಎಲ್ಲಿ ಅನುಮಾನ ಪಡಬೇಕು ಅಂತ ಗೊತ್ತಿದ್ದರೆ ಸಾಕು.

(ಮುಂದೆ ಸ್ಪಾಯ್ಲರ್ ಇದೆ. ಆಟ ಬಂದದ್ದು 2022ರ ಫೆಬ್ರವರಿಯಲ್ಲಿ, ಇನ್ನೂ ಹೇಳಬೇಡಿ ಅಂದರೆ ಕಷ್ಟ.)

ಮೊದಲು ಮ್ಯಾಪ್. ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ಮ್ಯಾಪ್ ಮಸುಕಾಗಿರುತ್ತದೆ, ಆದರೂ ರಸ್ತೆಗಳು ಕಾಣಿಸುತ್ತವೆ, ರಸ್ತೆ ಪಕ್ಕ ಒಂದು ಪುಟ್ಟ ಕಲ್ಲುಕಂಬದ ಗುರುತು ಕಾಣಿಸುತ್ತದೆ. ಆ ಕಂಬದ ಹತ್ತಿರ ಹೋದರೆ ಆ ಭಾಗದ ಮ್ಯಾಪ್ ಸಿಗುತ್ತದೆ. ಬೇರೆ ಎಲ್ಲಾ ಬಿಟ್ಟು ಮೊದಲು ಇದನ್ನು ಮಾಡಿ. ನಿಮ್ಮ ಕುದುರೆ ಟಾರೆಂಟ್ ಹತ್ತಿ ಶತ್ರುಗಳ ನಡುವೆ ದೌಡಾಯಿಸಿದರೂ ಪರವಾಗಿಲ್ಲ, ಸತ್ತರೂ ಮ್ಯಾಪ್ ನಿಮ್ಮದೇ.

ಮ್ಯಾಪ್ ಸಿಕ್ಕ ಮೇಲೆ ಪೂರ್ತಿ ಜೂಮ್ ಮಾಡಿ ನಿಧಾನಕ್ಕೆ ನೋಡಿ. ಇದು ಐಕಾನ್ ತುಂಬಿದ ಮ್ಯಾಪ್ ಅಲ್ಲ, ಕೈಯಲ್ಲಿ ಬರೆದ ಚಿತ್ರದ ಹಾಗಿದೆ, ಬರೆದಿರುವುದೆಲ್ಲಾ ನಿಜವಾಗಿ ಅಲ್ಲಿ ಇರುತ್ತದೆ. ಬೆಟ್ಟದ ಬದಿಯಲ್ಲಿ ಕೆಂಪು ಅಂಚಿನ ಕಪ್ಪು ತೂತು ಕಂಡರೆ ಅದು ಗಣಿ. ಕತ್ತಿ ಗಟ್ಟಿ ಮಾಡಿಕೊಳ್ಳಲು ಬೇಕಾದ ಸ್ಮಿಥಿಂಗ್ ಸ್ಟೋನ್ ಅಲ್ಲಿ ಸಿಗುತ್ತದೆ. ನಾಲ್ಕು ಗೀಟಿನ ಹಾಗೆ ಕಾಣುವ ಚೌಕಗಳು ಪಾಳು ಕಟ್ಟಡ, ಪಾಳು ಕಟ್ಟಡ ಅಂದ ಮೇಲೆ ನೆಲಮಾಳಿಗೆ ಇದ್ದೇ ಇರುತ್ತದೆ ಅಂದುಕೊಂಡೇ ಹುಡುಕಿ, ಹತ್ತರಲ್ಲಿ ಒಂದೆರಡು ಸಲ ಮೋಸ ಹೋದರೂ ಲಾಭವೇ ಜಾಸ್ತಿ. ರಸ್ತೆಯೇ ಇಲ್ಲದ ಕಡೆ ಒಂಟಿ ಕಟ್ಟಡ ಬರೆದಿದ್ದರೆ, ಅಥವಾ ರಸ್ತೆ ಒಂದು ಕಡೆ ಹೋಗಿ ಸುಮ್ಮನೆ ನಿಂತುಬಿಟ್ಟರೆ, ಅಲ್ಲಿಗೆ ಒಂದು ಗುರುತು ಹಾಕಿ. ದೂರದಿಂದ ಕಾಣುವ ಬೆಳಕಿನ ಕಂಬ ಐದೇ ಹಾಕಬಹುದು, ಆದರೆ ಚಿಕ್ಕ ಗುರುತುಗಳು ಬೇಕಾದಷ್ಟಿವೆ, ಜಿಪುಣತನ ಬೇಡ. ಸೋತು ಓಡಿಬಂದ ಬಾಸ್‌ಗಳಿಗೂ ಒಂದು ಹಾಕಿಡಿ.

ಈಗ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಲಿಮ್‌ಗ್ರೇವ್‌ನ ಪೂರ್ವಕ್ಕೆ ಮಿಸ್ಟ್‌ವುಡ್ ಅನ್ನುವ ಕಾಡಿದೆ. ಮ್ಯಾಪಿನಲ್ಲಿ ನೋಡಿದರೆ ಬರೀ ಮರ, ಮರದ ನಡುವೆ ಒಂದು ಗುಂಡಗಿನ ಕಟ್ಟಡ. ಅಷ್ಟು ದೊಡ್ಡ ಕಾಡಿನ ನಡುವೆ ಅಷ್ಟು ನೀಟಾಗಿ ಗುಂಡಗೆ ಯಾರು ಕಟ್ಟುತ್ತಾರೆ? ಸುತ್ತಮುತ್ತ ರೂನ್‌ಬೇರ್ ಅನ್ನುವ ದೈತ್ಯ ಕರಡಿಗಳಿವೆ, ಅವುಗಳ ಕಣ್ಣು ತಪ್ಪಿಸಿ ಒಳಗೆ ಹೋದರೆ ಮಧ್ಯದಲ್ಲೊಂದು ಲಿಫ್ಟ್. ಇಳಿಯುತ್ತದೆ. ಇಳಿಯುತ್ತಲೇ ಇರುತ್ತದೆ. ಆಟ ಹ್ಯಾಂಗ್ ಆಯಿತೇನೋ ಅಂತ ನಾನು ಕಂಟ್ರೋಲರ್ ಅಲುಗಾಡಿಸಿದ್ದೆ. ಗೋಡೆ ಮುಗಿದು ಬಯಲಾದಾಗ ನೆಲದ ಕೆಳಗೆ ಆಕಾಶ, ಆಕಾಶದ ತುಂಬಾ ನಕ್ಷತ್ರ, ಕೆಳಗೆ ಹರಿಯುವ ಹೊಳೆ. ಇದೇ ಸಿಯೋಫ್ರಾ ರಿವರ್. ಅಲ್ಲಿಯವರೆಗೂ ಮ್ಯಾಪ್ ಅಂದರೆ ಒಂದೇ ಹಾಳೆ ಅಂದುಕೊಂಡಿದ್ದೆ, ಕೆಳಗೆ ಇನ್ನೊಂದು ಹಾಳೆ ಇದೆ ಅಂತ ಅವತ್ತು ರಾತ್ರಿ ಎರಡು ಗಂಟೆಗೆ ಗೊತ್ತಾಯಿತು, ಬೆಳಿಗ್ಗೆ ಆಫೀಸಿಗೆ ಹೋಗೋದಿತ್ತು ಅನ್ನೋದು ಬೇರೆ ವಿಷಯ. ಮುಂದಿನ ಪ್ರದೇಶವಾದ ಲಿಯುರ್ನಿಯಾದ ಪೂರ್ವಕ್ಕೂ ಇಂಥದ್ದೇ ಒಂದು ಬಾವಿ ಇದೆ, ಅದು ಐನ್ಸೆಲ್ ರಿವರ್‌ಗೆ ಇಳಿಯುತ್ತದೆ. ಮ್ಯಾಪಿನಲ್ಲಿ ಗುಂಡಗಿನ ಕಟ್ಟಡ ಹೇಗಿರುತ್ತದೆ ಅಂತ ಒಂದು ಸಲ ಗೊತ್ತಾದರೆ ಎರಡನೆಯದು ತಾನಾಗೇ ಸಿಗುತ್ತದೆ.

ಮ್ಯಾಪ್ ಸುಳ್ಳು ಹೇಳಲ್ಲ, ಆದರೆ ಎತ್ತರ ಹೇಳಲ್ಲ. ಮ್ಯಾಪಿನಲ್ಲಿ ಪಕ್ಕದಲ್ಲೇ ಇರುವುದು ನಿಜವಾಗಿ ನೂರು ಅಡಿ ಕೆಳಗಿರಬಹುದು. ಅದಕ್ಕೆ ಬಂಡೆಯ ಅಂಚಿಗೆ ಬಂದಾಗಲೆಲ್ಲಾ ಕ್ಯಾಮೆರಾ ಕೆಳಗೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಂಡೆಯಿಂದ ಸಮಾಧಿ ಕಲ್ಲುಗಳು ಅಡ್ಡಡ್ಡ ಚಾಚಿಕೊಂಡಿದ್ದರೆ ಅವು ಅಲಂಕಾರ ಅಲ್ಲ, ಮೆಟ್ಟಿಲು. ಒಂದೊಂದಾಗಿ ಹಾರುತ್ತಾ ಇಳಿಯಬಹುದು. ಬಿದ್ದರೆ ಸಾಯುತ್ತೀನಾ ಅಂತ ಅನುಮಾನ ಬಂದರೆ ರೇನ್‌ಬೋ ಸ್ಟೋನ್ ಅನ್ನುವ ಹೊಳೆಯುವ ಕಲ್ಲೊಂದನ್ನು ಕೆಳಗೆ ಬಿಡಿ, ಅದು ಜೋರಾಗಿ ಸದ್ದು ಮಾಡಿ ಒಡೆದುಹೋದರೆ ನೀವೂ ಹಾಗೇ ಒಡೆದುಹೋಗುತ್ತೀರಿ. ಕುದುರೆ ಮೇಲಿದ್ದರೂ ಅಷ್ಟೇ, ಟಾರೆಂಟ್ ಕಾಪಾಡಲ್ಲ. ಲಿಯುರ್ನಿಯಾದ ನೈಋತ್ಯದಲ್ಲಿರುವ ವಿಲೇಜ್ ಆಫ್ ದಿ ಆಲ್ಬಿನಾರಿಕ್ಸ್ ಹೀಗೇ ಬಂಡೆಗಳ ಕೆಳಗೆ ಅವಿತಿದೆ, ಮೇಲಿಂದ ಹುಡುಕಿದರೆ ಜನ್ಮದಲ್ಲಿ ಸಿಗಲ್ಲ.

ಇನ್ನೊಂದು ಸಣ್ಣ ಟ್ರಿಕ್. ಗ್ರೇಸ್‌ನಿಂದ (ನಾವು ಕೂತು ಸುಧಾರಿಸಿಕೊಳ್ಳುವ ಬೆಳಕಿನ ಜಾಗ) ಹೊರಡುವ ಬಂಗಾರದ ಗೆರೆ ಕಥೆಯ ದಾರಿ ತೋರಿಸುತ್ತದೆ. ಅಂದರೆ ಅಡಗಿದ್ದು ಬೇಕಿದ್ದರೆ ಅದರ ಉಲ್ಟಾ ದಿಕ್ಕು ನೋಡಿ. ಸ್ಟಾರ್ಮ್‌ವೇಲ್ ಕೋಟೆ ಮುಂದೆ ಮಾರ್ಗಿಟ್ ಅನ್ನುವ ಬಾಸ್ ಹತ್ತಿರ ಒದೆ ತಿಂದು ತಿಂದು ಆಟವನ್ನೇ ಬಿಟ್ಟ ಗೆಳೆಯರು ನನಗಿದ್ದಾರೆ. ಗೆರೆ ಕೋಟೆ ಕಡೆಗೇ ತೋರಿಸುತ್ತದೆ. ಆದರೆ ಕೋಟೆಗೆ ಸುತ್ತು ಹಾಕಿ ಬಂಡೆಯಂಚಿನಲ್ಲಿ ಒಂದು ಮುರಿದ ಸೇತುವೆ ಇದೆ, ಅದರ ಪಕ್ಕದಿಂದ ಹಾರಿ ಮುಂದೆ ಹೋದರೆ ಮಾರ್ಗಿಟ್ ಮುಖವನ್ನೇ ನೋಡದೆ ನೇರ ಲಿಯುರ್ನಿಯಾ ತಲುಪಬಹುದು.

ದಾರಿಯಲ್ಲಿ ಬಗ್ಗಿ ಕುಳಿತ ಪುಟ್ಟ ಕಲ್ಲಿನ ವಿಗ್ರಹಗಳು ಸಿಗುತ್ತವೆ. ಮುಟ್ಟಿದರೆ ನೀಲಿ ಬೆಳಕಿನ ಗೆರೆ ಒಂದು ದಿಕ್ಕಿಗೆ ಹೊರಡುತ್ತದೆ, ಆ ದಿಕ್ಕಿನಲ್ಲಿ ಕ್ಯಾಟಕೋಂಬ್, ಅಂದರೆ ನೆಲದಡಿಯ ಸಮಾಧಿ ಇದೆ ಅಂತ ಅರ್ಥ. ತುಂಬಾ ಜನ ಇದನ್ನು ಗಮನಿಸುವುದೇ ಇಲ್ಲ.

ಇನ್ನು ಸುಳ್ಳು ಗೋಡೆಗಳು. ಒಂದು ಏಟು ಹೊಡೆದರೆ ಅಥವಾ ಉರುಳಿ ತಾಗಿದರೆ ಮಾಯವಾಗುತ್ತವೆ, ಒಂದೇ ಏಟು ಸಾಕು. 2022ರಲ್ಲಿ ವೊಲ್ಕೇನೋ ಮ್ಯಾನರ್ ಅನ್ನುವ ಅರಮನೆಯ ಒಂದು ಗೋಡೆ 50 ಏಟಿಗೆ ಬೀಳುತ್ತದೆ ಅಂತ ದೊಡ್ಡ ಗುಲ್ಲೆದ್ದಿತ್ತು, ಜನ ಊರಲ್ಲಿರೋ ಗೋಡೆಗೆಲ್ಲಾ ಬಾರಿಸೋಕೆ ಶುರುಮಾಡಿದ್ದರು, ಬಿದ್ದ ಗೋಡೆಯ ಹಿಂದೆ ಹೊಸದೇನೂ ಇರಲಿಲ್ಲ. ಅದನ್ನು ಮರೆತುಬಿಡಿ. ಹೊಡೆಯಬೇಕಾದ್ದು ಎಲ್ಲಿ ಅಂದರೆ: ಉದ್ದನೆಯ ಕಾರಿಡಾರ್ ಹೋಗಿ ಹೋಗಿ ಕೊನೆಗೆ ಏನೂ ಇಲ್ಲದೆ ಮುಗಿದಾಗ. ಈ ಆಟದಲ್ಲಿ ತುದಿ ಮುಟ್ಟಿದವರಿಗೆ ಕನಿಷ್ಠ ಒಂದು ಅಣಬೆಯಾದರೂ ಇಟ್ಟಿರುತ್ತಾರೆ. ಅಣಬೆಯೂ ಇಲ್ಲ ಅಂದರೆ ಗೋಡೆ ಮೇಲೆ ಅನುಮಾನ ಪಡಿ. ಇನ್ನೊಂದು, ಕಾವಲುಗಾರ ಇದ್ದಾನೆ, ಆದರೆ ಅವನು ಕಾಯುತ್ತಿರುವುದು ಏನು ಅಂತ ಕಾಣಿಸುತ್ತಿಲ್ಲ. ಮೂರನೆಯದು, ಬಾಸ್ ಸತ್ತರೂ ಗುಹೆ ಅರ್ಧಂಬರ್ಧ ಅನಿಸುವುದು. ಲಿಯುರ್ನಿಯಾದ ಬ್ಲ್ಯಾಕ್ ನೈಫ್ ಕ್ಯಾಟಕೋಂಬ್ಸ್‌ನಲ್ಲಿ ಒಂದು ಬಾಸ್ ಹೊಡೆದು ನೆಮ್ಮದಿಯಾಗಿ ಹೊರಬಂದವರು ಎಷ್ಟೋ ಜನ, ಸುಳ್ಳು ಗೋಡೆಯ ಹಿಂದೆ ಎರಡನೇ ಬಾಸ್ ಇದೆ ಅಂತ ಗೊತ್ತೇ ಇಲ್ಲ. ವೊಲ್ಕೇನೋ ಮ್ಯಾನರ್‌ನಲ್ಲೂ ಅಷ್ಟೇ, ಕೋಣೆಯ ಕೀ ಕೊಡುತ್ತಾರೆ, ಒಳಗೆ ಹೋದರೆ ಕೋಣೆ ಖಾಲಿ ಅನಿಸುತ್ತದೆ, ಅಷ್ಟು ಮರ್ಯಾದೆಯಿಂದ ಕೀ ಕೊಟ್ಟು ಖಾಲಿ ಕೋಣೆ ತೋರಿಸುತ್ತಾರಾ? ಮೂಲೆಯ ಗೋಡೆಗೆ ಒಂದು ಬಿಟ್ಟು ನೋಡಿ, ಇಡೀ ಅರಮನೆಯ ಅಸಲಿ ಮುಖ ಆ ಕಡೆಗಿದೆ.

ಆನ್‌ಲೈನ್ ಇದ್ದರೆ ನೆಲದ ಮೇಲೆ ಬೇರೆ ಆಟಗಾರರು ಬಿಟ್ಟ ಸಂದೇಶಗಳು ಕಾಣಿಸುತ್ತವೆ. ‘ಮುಂದೆ ಗುಪ್ತ ದಾರಿ ಇದೆ’ ಅಂತ ಬರೆದದ್ದರಲ್ಲಿ ಮುಕ್ಕಾಲು ಪಾಲು ಕೀಟಲೆ. ಬಂಡೆಯ ಅಂಚಿನಲ್ಲಿ ‘ಹಾರಿ ನೋಡು’ ಅಂತ ಬರೆದಿದ್ದರೆ ದಯವಿಟ್ಟು ಹಾರಬೇಡಿ. ಒಂದೇ ಗೋಡೆ ಮುಂದೆ ಐದಾರು ಸಂದೇಶ ಗುಂಪಾಗಿದ್ದರೆ ಮಾತ್ರ ಒಂದು ಏಟು ಖರ್ಚು ಮಾಡಿ. ಹಾಗೇ ರಕ್ತದ ಕಲೆಗಳನ್ನೂ ನೋಡಿ. ಖಾಲಿ ಅನಿಸುವ ಜಾಗದಲ್ಲಿ ಏಳೆಂಟು ಜನ ಸತ್ತಿದ್ದಾರೆ ಅಂದರೆ ಅಲ್ಲಿ ಏನೋ ಇದೆ.

ಪೆಟ್ಟಿಗೆಗಳ ಬಗ್ಗೆ ಒಂದು ಮಾತು. ಅಗೀಲ್ ಕೆರೆಯ ಡ್ರ್ಯಾಗನ್-ಬರ್ನ್ಟ್ ರೂಯಿನ್ಸ್‌ನಲ್ಲೂ ಒಂದು ನೆಲಮಾಳಿಗೆ ಇದೆ, ಅಲ್ಲೊಂದು ಪೆಟ್ಟಿಗೆ ಇದೆ. ತೆಗೆದ ತಕ್ಷಣ ಹೊಗೆ ಸುತ್ತಿಕೊಂಡು ನಿಮ್ಮನ್ನು ಎತ್ತಿ ಕೇಲಿಡ್ ಅನ್ನುವ ಕಷ್ಟದ ಪ್ರದೇಶದ ಒಂದು ಗಣಿಯೊಳಗೆ ಎಸೆಯುತ್ತದೆ. ಅಲ್ಲಿಂದ ಮ್ಯಾಪ್ ತೆಗೆದು ವಾಪಸ್ ಬರೋಕೂ ಆಗಲ್ಲ, ಮೊದಲು ಗಣಿಯಿಂದ ಹೊರಗೆ ಓಡಬೇಕು. ಹೊಸಬರು ಇಲ್ಲಿ ಹೊಡೆದಾಡಬೇಡಿ, ಓಡಿ. ಹೊರಗೆ ಬಂದರೆ ಆಕಾಶವೇ ಕೆಂಪು, ಆದರೆ ಒಂದು ಗ್ರೇಸ್ ಮುಟ್ಟಿಟ್ಟುಕೊಂಡರೆ ಮುಂದೆ ಯಾವಾಗ ಬೇಕಾದರೂ ಬರಬಹುದು. ಮೋಸವೇ, ಆದರೆ ಬೇಗ ಕೇಲಿಡ್ ತಲುಪಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಬೆನ್ನಲ್ಲಿ ಕೀ ತೂತಿರುವ ಕುಳ್ಳ ರಾಕ್ಷಸನ ಕಲ್ಲು ವಿಗ್ರಹ, ಪಕ್ಕದಲ್ಲಿ ಮಂಜಿನ ಬಾಗಿಲು ಕಂಡರೆ ಅದಕ್ಕೆ ಸ್ಟೋನ್‌ಸ್ವರ್ಡ್ ಕೀ ಬೇಕು. ಆಟ ಶುರುವಾಗುವ ಗುಹೆಯಲ್ಲೇ ಒಂದಿದೆ, ಎರಡು ಕೀ ಕೇಳುತ್ತದೆ. ಕೀ ಇದ್ದರೂ ಶುರುವಿನಲ್ಲೇ ಹೋಗಬೇಡಿ, ಒಳಗೆ ರಥವೊಂದು ರೋಡ್ ರೋಲರ್ ಹಾಗೆ ಮೇಲೆ ಹತ್ತಿ ಹೋಗುತ್ತದೆ.

ಕಣ್ಣು ಮಾತ್ರ ಅಲ್ಲ, ಕಿವಿಯನ್ನೂ ಬಳಸಿ. ಪಾಡ್‌ಕಾಸ್ಟ್ ಹಾಕಿಕೊಂಡು ಆಡುವವರಿಗೆ ಮಿಸ್ಟ್‌ವುಡ್‌ನಲ್ಲಿ ತೋಳ ಊಳಿಡುವುದು ಕೇಳಿಸಿರಲ್ಲ. ಅದನ್ನು ಕೇಳಿ, ಚರ್ಚ್ ಆಫ್ ಎಲ್ಲೆಯಲ್ಲಿರುವ ವ್ಯಾಪಾರಿ ಕಾಲೆ ಹತ್ತಿರ ಹೋಗಿ ಮಾತಾಡಿಸಿದರೆ ಅವನು ಚಿಟಿಕೆ ಹೊಡೆಯುವುದನ್ನು ಕಲಿಸುತ್ತಾನೆ. ಊಳು ಕೇಳಿಸುವ ಪಾಳು ಗೋಪುರದ ಕೆಳಗೆ ನಿಂತು ಚಿಟಿಕೆ ಹೊಡೆದರೆ ಬ್ಲೈಡ್ ಅನ್ನುವ ತೋಳಮುಖದ ಯೋಧ ಕೆಳಗೆ ಹಾರುತ್ತಾನೆ, ಅಲ್ಲಿಂದ ಒಂದು ದೊಡ್ಡ ಕಥೆಯೇ ತೆರೆದುಕೊಳ್ಳುತ್ತದೆ. ಅಲ್ಲಲ್ಲಿ ಗುಡಿಸಲುಗಳಲ್ಲಿ ಚಿತ್ರಗಳೂ ಸಿಗುತ್ತವೆ. ಆ ಚಿತ್ರ ಬರೆದವನು ಯಾವ ಜಾಗದಲ್ಲಿ ನಿಂತಿದ್ದ ಅಂತ ಹುಡುಕಿ ಅಲ್ಲಿಗೆ ಹೋಗಿ ನಿಂತರೆ ಅವನ ದೆವ್ವ ಕಾಣಿಸಿಕೊಂಡು ಬಹುಮಾನ ಬಿಟ್ಟು ಹೋಗುತ್ತದೆ. ನನಗೆ ಇಡೀ ಆಟದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಕೆಲವು ಜಾಗ ಎಷ್ಟು ಹುಡುಕಿದರೂ ಸಿಗಲ್ಲ, ಯಾಕೆಂದರೆ ಅವು ಇನ್ನೂ ತೆರೆದಿರಲ್ಲ. ಕೇಲಿಡ್‌ನಲ್ಲಿ ರಡಾನ್ ಅನ್ನುವ ಬಾಸ್ ಸತ್ತ ಮೇಲೆಯೇ ನಕ್ಷತ್ರ ಬಿದ್ದು ಮಿಸ್ಟ್‌ವುಡ್‌ನ ದಕ್ಷಿಣಕ್ಕೆ ದೊಡ್ಡ ಗುಂಡಿಯಾಗುತ್ತದೆ, ಆ ಗುಂಡಿಯೇ ನೆಲದಡಿಯ ನಗರ ನೋಕ್ರಾನ್‌ಗೆ ದಾರಿ. ಹೇಲಿಗ್‌ಟ್ರೀ ಅನ್ನುವ ಗುಪ್ತ ಪ್ರದೇಶದ ಕಡೆ ಹೋಗಲು ಎರಡು ಅರ್ಧ ಮೆಡಾಲಿಯನ್ ಬೇಕು. ಒಂದು ಮೇಲೆ ಹೇಳಿದ ಆಲ್ಬಿನಾರಿಕ್ಸ್ ಹಳ್ಳಿಯಲ್ಲಿ, ಮಡಕೆಯ ವೇಷದಲ್ಲಿ ಕುಳಿತ ಮುದುಕನ ಹತ್ತಿರ ಇದೆ (ಹೌದು, ಮಡಕೆಗೆ ಹೊಡೆಯಬೇಕು), ಇನ್ನೊಂದು ಕ್ಯಾಸಲ್ ಸೋಲ್‌ನಲ್ಲಿ. ಎರಡೂ ಇದ್ದರೆ ರೋಲ್ಡ್‌ನ ದೊಡ್ಡ ಲಿಫ್ಟ್‌ನಲ್ಲಿ ನಿಂತು ಮಾಮೂಲಿ ಬಟನ್ ಒತ್ತದೆ ಆಯ್ಕೆ ಬದಲಾಯಿಸಿ. 2024ರಲ್ಲಿ ಬಂದ ಆಟದ ಮುಂದುವರಿದ ಭಾಗ ಶ್ಯಾಡೋ ಆಫ್ ದಿ ಎರ್ಡ್‌ಟ್ರೀಯಲ್ಲೂ ಇದೇ ಜಾತಿಯ ಕೀಟಲೆ. ಬಾನಿ ವಿಲೇಜ್‌ನಲ್ಲಿ ‘ಓ ಮದರ್’ ಅನ್ನುವ ಒಂದು ಸನ್ನೆ ಸಿಗುತ್ತದೆ, ಶ್ಯಾಡೋ ಕೀಪ್ ಕೋಟೆಯಲ್ಲಿರುವ ಮರಿಕಾ ರಾಣಿಯ ವಿಗ್ರಹದ ಮುಂದೆ ಆ ಸನ್ನೆ ಮಾಡಿದರೆ ಹೊಸ ದಾರಿಯೇ ತೆರೆಯುತ್ತದೆ. ಸುಮ್ನೆ ಡ್ಯಾನ್ಸಿಗೆ ಇಟ್ಟಿದ್ದಾರೆ ಅಂತ ಸನ್ನೆಗಳನ್ನು ಕಡೆಗಣಿಸಬೇಡಿ.

ಕೊನೆಗೆ ಲೇಂಡೆಲ್. ರಾಜಧಾನಿಯ ಕೆಳಭಾಗದ ಒಂದು ಬಾವಿಯೊಳಗೆ ಇಳಿದರೆ ಚರಂಡಿ ಸಿಗುತ್ತದೆ. ಪೈಪು, ಇಲಿ, ಕತ್ತಲೆ, ಒಂದೇ ತರಹದ ತಿರುವುಗಳು. ಇಲ್ಲಿ ಗ್ಯಾರಂಟಿ ದಾರಿ ತಪ್ಪುತ್ತೀರಿ, ಪ್ರತಿ ತಿರುವಿಗೂ ಒಂದು ರೇನ್‌ಬೋ ಸ್ಟೋನ್ ಹಾಕಿಕೊಂಡು ಹೋಗಿ, ನಾನು ಹಾಕದೆ ಒಂದು ಇಡೀ ಭಾನುವಾರ ಕಳೆದುಕೊಂಡೆ. ತಳದಲ್ಲಿ ಒಂದು ಬಾಸ್, ಅವನ ಹಿಂದೆ ಪೂಜೆಯ ಪೀಠ, ಅಲ್ಲೊಂದು ಪೆಟ್ಟಿಗೆ. ಎಲ್ಲರೂ ಪೆಟ್ಟಿಗೆ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ನೀವು ಪೀಠಕ್ಕೆ ಒಂದು ಏಟು ಹೊಡೆಯಿರಿ. ಅದೂ ಸುಳ್ಳು. ಹಿಂದೆ ಆಳವಾದ ಬಾವಿ, ಅದರೊಳಗೆ ಹೆಣಗಳ ರಾಶಿ, ಯಾರೋ ಪಿಟೀಲು ನುಡಿಸುವ ಸದ್ದು. ಅಂಚುಗಳ ಮೇಲೆ ಹಾರುತ್ತಾ ತಳಕ್ಕಿಳಿದರೆ ಒಂದು ಬಾಗಿಲು ಸಿಗುತ್ತದೆ, ಬಟ್ಟೆ ಕಳಚಿ ಬಾ ಅನ್ನುತ್ತದೆ. ಬಾಗಿಲಾಚೆ ಹೋದರೆ ಕಥೆಯ ಕೊನೆಯೇ ಬದಲಾಗುತ್ತದೆ, ಅದನ್ನು ಸರಿಮಾಡುವ ದಾರಿ ಇದೆ, ಆದರೆ ತುಂಬಾ ಉದ್ದ. ಹಾಗಾಗಿ ಬಾಗಿಲು ಮುಟ್ಟುವ ಮುಂಚೆ ಪಕ್ಕದ ಗೋಡೆಗಳಿಗೆ ಒಂದೊಂದು ಏಟು ಹಾಕಿ ನೋಡಿ. ಅದರಲ್ಲಿ ಒಂದು ಡೀಪ್‌ರೂಟ್ ಡೆಪ್ತ್ಸ್ ಅನ್ನುವ ನೆಲದಡಿಯ ಇನ್ನೊಂದು ಪ್ರದೇಶಕ್ಕೆ ತೆರೆಯುತ್ತದೆ, ಅಲ್ಲಿಗೆ ಹೋಗಲು ಬಟ್ಟೆ ಕಳಚಬೇಕಾಗಿಲ್ಲ.