ಫ್ಯಾಂಟಸಿ ಕ್ರಿಕೆಟ್‌ನಲ್ಲಿ ಗೆದ್ದ ದುಡ್ಡನ್ನು ರಿಟರ್ನ್‌ನಲ್ಲಿ ತೋರಿಸಿದ್ದು ಹೀಗೆ

"ಆ್ಯಪ್‌ನವರೇ ಟ್ಯಾಕ್ಸ್ ಹಿಡ್ಕೊಂಡಿದ್ದಾರಲ್ಲ, ಮತ್ತೆ ನಾವ್ಯಾಕೆ ತೋರಿಸಬೇಕು?" ಗೆಳೆಯರು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ತೋರಿಸಲೇಬೇಕು. ಅವರು ಹಿಡಿದಿದ್ದು ಟಿಡಿಎಸ್, ಅಂದರೆ ದುಡ್ಡು ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ ಅಷ್ಟೇ, ಅದು ಪೂರ್ತಿ ತೆರಿಗೆ ಕೂಡ ಅಲ್ಲ. ಫ್ಯಾಂಟಸಿ ಕ್ರಿಕೆಟ್‌ನಲ್ಲಿ, ಅಂದರೆ ನಿಜವಾದ ಪಂದ್ಯದ ಆಟಗಾರರನ್ನು ಆರಿಸಿ ಟೀಮ್ ಕಟ್ಟಿ ದುಡ್ಡಿಟ್ಟು ಆಡುವ ಆಟದಲ್ಲಿ, 2024-25ರ ಹಣಕಾಸು ವರ್ಷದಲ್ಲಿ ಗೆದ್ದಿದ್ದಕ್ಕೆ ನಾನೇ ಕೂತು ಆದಾಯ ತೆರಿಗೆ ರಿಟರ್ನ್ ತುಂಬಿದೆ. ಹೇಗೆ ಅಂತ ಹೇಳ್ತೀನಿ.

ಮೊದಲು ನನ್ನ ಲೆಕ್ಕ. ಏಪ್ರಿಲ್ 1ಕ್ಕೆ ವ್ಯಾಲೆಟ್, ಅಂದರೆ ಆ್ಯಪ್‌ನೊಳಗಿನ ನನ್ನ ದುಡ್ಡಿನ ಖಾತೆ, ಖಾಲಿ ಇತ್ತು. ಐಪಿಎಲ್ ನಡೆಯುವಾಗ ಒಟ್ಟು 40,000 ಹಾಕಿದೆ, ಟೂರ್ನಿ ಮುಗಿದ ಮೇಲೆ ಜೂನ್ ಶುರುವಿನಲ್ಲಿ 60,000 ತೆಗೆದೆ. ಹಾಕಿದ್ದನ್ನು ಕಳೆದರೆ ಗೆಲುವು 20,000. ಅದರ ಮೇಲೆ 30 ಪರ್ಸೆಂಟ್, ಅಂದರೆ 6,000 ಹಿಡಿದು 54,000 ಬ್ಯಾಂಕಿಗೆ ಬಂತು. 10,000ದ ಒಳಗಿದ್ದರೆ ಟಿಡಿಎಸ್ ಇಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಆನ್‌ಲೈನ್ ಆಟಕ್ಕೆ ಆ ಮಿತಿ 2023ರ ಏಪ್ರಿಲ್‌ನಲ್ಲೇ ಹೋಯಿತು. ಆಗಿನಿಂದ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಬಿಎ ಪ್ರಕಾರ ಕಡಿತ. ತಿಂಗಳಿಗೆ 100 ರೂಪಾಯಿ ಒಳಗಿನ ಚಿಲ್ಲರೆ ಗೆಲುವಿಗೆ ಮಾತ್ರ ಡ್ರಾ ಮಾಡುವಾಗ ವಿನಾಯಿತಿ.

ಆಮೇಲೆ ಮಾರ್ಚ್ 31. ಅವತ್ತು ವ್ಯಾಲೆಟ್‌ನಲ್ಲಿ 15,000 ಇತ್ತು. ಡ್ರಾ ಮಾಡದೆ ಸುಮ್ನೆ ಬಿಟ್ಟರೆ ಟ್ಯಾಕ್ಸ್ ಬೀಳಲ್ಲ ಅಂದುಕೊಂಡು ಹಾಗೇ ಬಿಡುತ್ತಿದ್ದವರು ತುಂಬಾ ಜನ. ಆದರೆ ವರ್ಷದ ಕೊನೆಗೆ ವ್ಯಾಲೆಟ್‌ನಲ್ಲಿ ಉಳಿದದ್ದೂ ಲೆಕ್ಕಕ್ಕೆ ಬರುತ್ತೆ. ವರ್ಷವಿಡೀ ತೆಗೆದದ್ದು, ಕೊನೆಗೆ ಉಳಿದದ್ದು ಎರಡನ್ನೂ ಕೂಡಿಸಿ, ಅದರಿಂದ ಹಾಕಿದ್ದನ್ನೂ ವರ್ಷದ ಶುರುವಿನ ಬ್ಯಾಲೆನ್ಸನ್ನೂ ಕಳೆಯುತ್ತಾರೆ. ನನ್ನದು 60,000 ಮತ್ತು 15,000 ಸೇರಿ 75,000, ಅದರಲ್ಲಿ 40,000 ಹೋದರೆ 35,000. ಇದರಲ್ಲಿ 20,000ಕ್ಕೆ ಆಗಲೇ ಹಿಡಿದಿದ್ದರು, ಉಳಿದ 15,000ಕ್ಕೆ ಇನ್ನೊಂದು 4,500 ವ್ಯಾಲೆಟ್‌ನಿಂದಲೇ ಹೋಯಿತು. ಒಟ್ಟು ಟಿಡಿಎಸ್ 10,500.

ರಿಟರ್ನ್ ತುಂಬುವ ಮೊದಲು ಆ್ಯಪ್‌ನಿಂದ ಟಿಡಿಎಸ್ ಸರ್ಟಿಫಿಕೇಟ್ ಆದ ಫಾರ್ಮ್ 16ಎ ಇಳಿಸಿಕೊಂಡೆ, ಆದಾಯ ತೆರಿಗೆ ಪೋರ್ಟಲ್‌ನಿಂದ 26ಎಎಸ್ (ನಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ವರ್ಷದ ಆದಾಯ, ವ್ಯವಹಾರಗಳ ಪಟ್ಟಿ) ತೆಗೆದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೂರರಲ್ಲೂ 35,000 ಇರಬೇಕು. ಬ್ಯಾಂಕಿಗೆ ಬಂದ ಮೊತ್ತ ನೋಡಿಕೊಂಡು ತುಂಬಬಾರದು, ಟಿಡಿಎಸ್ ಕಡಿತಕ್ಕೆ ಮುಂಚಿನ ಅಂಕಿಯೇ ಹೋಗಬೇಕು.

ಸಂಬಳದವರಿಗೆ ಅಭ್ಯಾಸವಾಗಿರುವ ರಿಟರ್ನ್ ಫಾರ್ಮ್ ಐಟಿಆರ್-1 ಇಲ್ಲಿ ನಡೆಯಲ್ಲ, ಐಟಿಆರ್-2 ಬೇಕು. ಅದರಲ್ಲಿ ಇತರ ಮೂಲದ ಆದಾಯದ ಶೆಡ್ಯೂಲ್‌ನಲ್ಲಿ, ಅಂದರೆ ಶೆಡ್ಯೂಲ್ ಓಎಸ್‌ನಲ್ಲಿ, ಆನ್‌ಲೈನ್ ಆಟದ ಗೆಲುವಿಗೆ ಸೆಕ್ಷನ್ 115ಬಿಬಿಜೆ ಅಂತ ಬೇರೆ ಸಾಲೇ ಇದೆ. ಲಾಟರಿ, ಕುದುರೆ ರೇಸ್‌ನದು 115ಬಿಬಿ, ಅಲ್ಲಿ ಹಾಕಬೇಡಿ. ಅದೇ ಶೆಡ್ಯೂಲ್‌ನ ಕೆಳಗೆ ಯಾವ ಅವಧಿಯಲ್ಲಿ ಬಂತು ಅಂತ ಒಡೆದು ತುಂಬುವ ಟೇಬಲ್ ಇದೆ, ಅವಸರದಲ್ಲಿ ಕಣ್ಣಿಗೆ ಬೀಳಲ್ಲ. 20,000ವನ್ನು ಜೂನ್ 15ರವರೆಗಿನ ಕಾಲಂನಲ್ಲಿ, 15,000ವನ್ನು ಮಾರ್ಚ್ 16ರಿಂದ 31ರ ಕಾಲಂನಲ್ಲಿ ಹಾಕಿದೆ. ಮುಂಗಡ ತೆರಿಗೆ ಕಡಿಮೆ ಕಟ್ಟಿದ್ದರೆ ಬೀಳುವ ಬಡ್ಡಿ ಈ ಟೇಬಲ್ ನೋಡಿ ಲೆಕ್ಕ ಆಗುತ್ತೆ.

ನನ್ನ ಸಂಬಳ ಬರುವುದು 10 ಪರ್ಸೆಂಟ್ ಸ್ಲ್ಯಾಬ್‌ಗೆ. ಆದರೂ ಗೆಲುವಿಗೆ ನೇರ 30, ಆ ತೆರಿಗೆಯ ಮೇಲೆ 4 ಪರ್ಸೆಂಟ್ ಸೆಸ್, ಒಟ್ಟು 31.2. 35,000ಕ್ಕೆ 10,920 ಆಯಿತು. ಟಿಡಿಎಸ್‌ನಲ್ಲಿ ಸೆಸ್ ಸೇರಿರಲ್ಲ, ಹಾಗಾಗಿ 420 ರೂಪಾಯಿ ಬಾಕಿ. ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ (ನಾವೇ ಲೆಕ್ಕ ಹಾಕಿ ಕಟ್ಟುವ ಬಾಕಿ ತೆರಿಗೆ) ಆರಿಸಿ ಕಟ್ಟಿದೆ, ಚಲನ್ ನಂಬರ್ ರಿಟರ್ನ್‌ಗೆ ಸೇರಿಸಿ ಇ-ವೆರಿಫೈ ಮಾಡಿದೆ. 

ನನಗೆ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಅದೇ ವರ್ಷ ಇನ್ನೊಂದು ಕಂಪನಿಯ ಆ್ಯಪ್‌ನಲ್ಲಿ 22,000 ಕಳೆದುಕೊಂಡಿದ್ದೆ. ಒಂದೇ ಆ್ಯಪ್‌ನ ಒಳಗಿನ ಸೋಲು ಗೆಲುವು ತಾನಾಗೇ ಹೊಂದಿಕೊಳ್ಳುತ್ತೆ, ಆದರೆ ಆ ಕಂಪನಿಯ ಸೋಲನ್ನು ಈ ಕಂಪನಿಯ ಗೆಲುವಿನಲ್ಲಿ ನಾನು ಕಳೆಯಲಿಲ್ಲ, ನಿಯಮ ಅದಕ್ಕೆ ದಾರಿ ಕೊಡಲ್ಲ. ಸಂಬಳದಲ್ಲೂ ಕಳೆಯುವ ಹಾಗಿಲ್ಲ. ನಿಜಕ್ಕೂ ನನ್ನ ಕೈಗೆ ಸೇರಿದ ಲಾಭ 13,000, ಅದರಲ್ಲಿ ತೆರಿಗೆ 10,920. ವರ್ಷಪೂರ್ತಿ ಟೀಮ್ ಕಟ್ಟಿ, ರಾತ್ರಿ ನಿದ್ದೆಗೆಟ್ಟು ಉಳಿಸಿದ್ದು 2,080 ರೂಪಾಯಿ!

2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಬಂತು. ಆದರೂ ಆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಗೆದ್ದವರು 2025-26ರ ಹಣಕಾಸು ವರ್ಷದ ರಿಟರ್ನ್‌ನಲ್ಲಿ ಹೀಗೇ ತೋರಿಸಬೇಕು. ನನ್ನ ವ್ಯಾಲೆಟ್‌ನಲ್ಲಿ ಟಿಡಿಎಸ್ ಹೋಗಿ 10,500 ಉಳಿದಿತ್ತು, ಆಮೇಲೆ ಆಡಿರಲಿಲ್ಲ. ಅದು ಹೊಸ ವರ್ಷದ ಆರಂಭದ ಬ್ಯಾಲೆನ್ಸ್ ಅಂತ ಲೆಕ್ಕ ಆಗಿದ್ದರಿಂದ ಪೂರ್ತಿ ತೆಗೆದರೂ ಗೆಲುವು ಸೊನ್ನೆ, ಟಿಡಿಎಸ್ ಇಲ್ಲದೆ ಬ್ಯಾಂಕಿಗೆ ಬಂತು. ಹಾಕಿದ್ದು ತೆಗೆದದ್ದರ ಹಿಸ್ಟರಿ ಪೂರ್ತಿ ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದೇನೆ. ಆ್ಯಪ್ ಮುಚ್ಚಿದರೂ ನೋಟಿಸ್ ಬರಬಹುದು ನೋಡಿ.