ದೊಡ್ಡ ಕರುಳಿಗೇ ಔಷಧಿ ಮುಟ್ಟಿಸೋದು ಹೇಗೆ? ಕೊನೇ ಕೆಲಸ ಬ್ಯಾಕ್ಟೀರಿಯಾಗೆ ಬಿಡಿ

ಅಲ್ಸರೇಟಿವ್ ಕೊಲೈಟಿಸ್ ಅಂದ್ರೆ ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತಭೇದಿ ಆಗೋ ಕಾಯಿಲೆ. ಇದಕ್ಕೆ ಮೆಸಲಮೈನ್ ಒಳ್ಳೇ ಔಷಧಿ, ಆದ್ರೆ ಅದು ಹುಣ್ಣಿಗೇ ಹೋಗಿ ತಾಗಬೇಕು, ಬರೀ ಪುಡಿ ನುಂಗಿದ್ರೆ ಮೇಲಿರೋ ಸಣ್ಣ ಕರುಳೇ ಬಹುಪಾಲು ಹೀರ್ಕೊಂಡು ಬಿಡತ್ತೆ.

ಮೊದಲು ಮಾಡಬೇಕಾದ್ದು ಔಷಧಿನ ಕಟ್ಟಿಹಾಕೋದು. ಸಲ್ಫಾಸಲಜೀನ್ ಮಾತ್ರೇಲಿ ಮೆಸಲಮೈನ್ ಜೊತೆ ಸಲ್ಫಾಪಿರಿಡಿನ್ ಅನ್ನೋ ಇನ್ನೊಂದು ಔಷಧಿ ಸೇರಿಸಿ ಏಝೋ ಬಾಂಡ್ ಅನ್ನೋ ಗಂಟು ಹಾಕಿರ್ತಾರೆ. ಸ್ವೀಡನ್ನಿನ ಡಾಕ್ಟರ್ ನಾನ್ನಾ ಸ್ವಾರ್ಟ್ಸ್ ಇದನ್ನ ತಂದಿದ್ದು ಕೀಲುವಾತಕ್ಕೆ ಅಂತ, ಕರುಳಿಗೂ ಆಗಿಬಂತು!

ಆಮೇಲೆ ಪ್ರಯಾಣ. ಹೊಟ್ಟೆ ಆಸಿಡ್‌ಗೂ ಈ ಗಂಟು ಜಗ್ಗಲ್ಲ, ನಮ್ಮ ಜೀರ್ಣರಸಕ್ಕೂ ಜಗ್ಗಲ್ಲ, ಸ್ವಲ್ಪ ಭಾಗ ದಾರೀಲಿ ರಕ್ತಕ್ಕೆ ಸೇರತ್ತೆ, ಉಳಿದಿದ್ದು ಇಡೀ ಇಡಿಯಾಗಿ ಕೆಳಗಿಳಿಯತ್ತೆ.

ದೊಡ್ಡ ಕರುಳಲ್ಲಿ ಆಕ್ಸಿಜನ್ ಇಲ್ಲದಷ್ಟು ಕಮ್ಮಿ, ಒಂದು ಗ್ರಾಂ ಮಲದಲ್ಲಿ ಸುಮಾರು 10,000 ಕೋಟಿ ಬ್ಯಾಕ್ಟೀರಿಯಾ, ಅವುಗಳ ಹತ್ರ ಇರೋ ಏಝೋರಿಡಕ್ಟೇಸ್ ಕಿಣ್ವ ಆ ಗಂಟು ಬಿಚ್ಚಿಹಾಕತ್ತೆ, ಮೆಸಲಮೈನ್ ಬಿಡುಗಡೆ ಆಗೋದು ಹುಣ್ಣಿರೋ ಜಾಗದಲ್ಲೇ. ಮಾತ್ರೆಗೆ ಅಡ್ರೆಸ್ ಬರೆದುಕೊಡೋ ಕೆಲಸವೇ ಇಲ್ಲ ನೋಡಿ.

ಮೆಸಲಮೈನ್, ಸಲ್ಫಾಪಿರಿಡಿನ್ ಎರಡರಲ್ಲಿ ಕೆಲಸ ಮಾಡೋದು ಯಾವುದು ಅಂತ ಬಹಳ ವರ್ಷ ಗೊತ್ತಿರಲಿಲ್ಲ. 1977ರಲ್ಲಿ ಬಾಂಗ್ಲಾದೇಶದ ಡಾಕ್ಟರ್ ಆಜಾದ್ ಖಾನ್ ಮತ್ತೆ ಆಕ್ಸ್‌ಫರ್ಡ್‌ನ ಸಂಗಡಿಗರು ಪೂರ್ತಿ ಔಷಧಿನೂ, ಎರಡು ತುಂಡುಗಳನ್ನೂ ಬೇರೆ ಬೇರೆಯಾಗಿ ಎನಿಮಾ ಕೊಟ್ಟು ನೋಡಿದ್ರು, ಗುಣ ಕಂಡಿದ್ದು ಮೆಸಲಮೈನ್‌ದು. ಸಲ್ಫಾ ತುಂಡು ಬರೀ ಹೊರೋ ಆಳು, ತಲೆನೋವು ವಾಕರಿಕೆ ಎಲ್ಲ ಹೆಚ್ಚಾಗಿ ಅದರದ್ದೇ ಕಿತಾಪತಿ. ಅದಕ್ಕೇ ಆಮೇಲೆ ಎರಡು ಮೆಸಲಮೈನನ್ನೇ ಒಂದಕ್ಕೊಂದು ಕಟ್ಟಿ ಓಲ್ಸಲಜೀನ್ ಮಾಡಿದ್ರು, ಅದು ಕೆಲವರಿಗೆ ಭೇದಿನೇ ಜಾಸ್ತಿ ಮಾಡ್ತು ಅನ್ನೋದು ಬೇರೆ ಮಾತು.

ನಮ್ಮ ಗ್ರಂಧಿಗೆ ಅಂಗಡಿ ಸೋನಾಮುಖಿದೂ ಇದೇ ಲೆಕ್ಕ, ಅದರ ಸೆನ್ನೋಸೈಡನ್ನ ಬ್ಯಾಕ್ಟೀರಿಯಾ ಒಡೆದ ಮೇಲೇನೇ ಕರುಳು ಕದಲೋದು, ರಾತ್ರಿ ತಗೊಂಡ್ರೆ ಬೆಳಿಗ್ಗೆ ಆಗೋದು ಅದಕ್ಕೇ.

ಇನ್ನು ತಗೊಳ್ಳೋ ಕ್ರಮ: ಸಲ್ಫಾಸಲಜೀನ್ ಊಟ ಆದ್ಮೇಲೆ, ಚೆನ್ನಾಗಿ ನೀರು ಕುಡಿದು. ಮೂತ್ರ ಕಿತ್ತಳೆ ಬಣ್ಣ ಆದ್ರೆ ಗಾಬರಿ ಬೇಡ. ಸಲ್ಫಾ ಅಲರ್ಜಿ ಇದ್ರೆ, ಆ್ಯಂಟಿಬಯೋಟಿಕ್ ನಡೀತಿದ್ರೆ ಡಾಕ್ಟರ್‌ಗೆ ಮೊದಲೇ ಹೇಳಿ, ಬ್ಯಾಕ್ಟೀರಿಯಾನೇ ಸತ್ರೆ ಗಂಟು ಬಿಚ್ಚೋರ್ಯಾರು? ಫೋಲಿಕ್ ಆಸಿಡ್ ಬೇಕಾ ಕೇಳ್ಕೊಳ್ಳಿ. ಮಗು ಪ್ಲಾನ್ ಮಾಡ್ತಿರೋ ಗಂಡಸರೂ ಬಾಯಿಬಿಟ್ಟು ಹೇಳಿ, ವೀರ್ಯಾಣು ಕಮ್ಮಿ ಆಗಬಹುದು, ಔಷಧಿ ಬದಲಾಯಿಸಿದ ಕೆಲವು ತಿಂಗಳಲ್ಲಿ ಸರಿಹೋಗತ್ತೆ, ಹಾಗಂತ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ.